ವ್ಯಾಯಾಮದ ಹೊತ್ತಿನಲ್ಲಿ ಶುಗರ್ ಇಳಿದರೆ ಗುರುತಿಸುವುದು ಹೇಗೆ: ಟೈಪ್ 1 ಮಧುಮೇಹ ಇರುವವರಿಗೊಂದು ಸಮಗ್ರ ಮಾರ್ಗದರ್ಶಿ

ಶುಗರ್ ಇಳಿದಾಗ ಮೈ ಬೆವರುತ್ತದೆ, ಎದೆ ಡವಡವ ಎನ್ನುತ್ತದೆ, ಕೈ ನಡುಗುತ್ತದೆ, ಹೊಟ್ಟೆ ಹಸಿಯುತ್ತದೆ. ಅರ್ಧ ಗಂಟೆ ಬಿಡದೆ ಶಟಲ್ ಆಡಿದರೂ ಇವೆಲ್ಲವೂ ಆಗುತ್ತವೆ. ಟೈಪ್ 1 ಮಧುಮೇಹ ಇರುವವರಿಗೆ ವ್ಯಾಯಾಮದ ಹೊತ್ತಿನಲ್ಲಿ ಲೋ ಶುಗರ್ ಗುರುತಿಸುವುದು ಕಷ್ಟವಾಗಲು ಇದು ಮೊದಲ ಕಾರಣ. ಎರಡನೆಯ ಕಾರಣ ಇನ್ನೂ ಆಳದ್ದು: ನಿನ್ನೆ ಒಮ್ಮೆ ಶುಗರ್ ಇಳಿದಿದ್ದರೆ ಇವತ್ತು ಆಡುವಾಗ ದೇಹ ಕೊಡುವ ಎಚ್ಚರಿಕೆಯೇ ದುರ್ಬಲವಾಗಿರುತ್ತದೆ, ಇವತ್ತು ಹೆಚ್ಚು ಹೊತ್ತು ಆಡಿದರೆ ಇವತ್ತಿನ ರಾತ್ರಿಯ ಮತ್ತು ನಾಳೆಯ ಎಚ್ಚರಿಕೆ ದುರ್ಬಲವಾಗುತ್ತದೆ. ‘ಲೋ ಆದರೆ ನನಗೆ ಗೊತ್ತಾಗುತ್ತದೆ’ ಎಂಬ ನಂಬಿಕೆಯೊಂದನ್ನೇ ಇಟ್ಟುಕೊಂಡು ಮೈದಾನಕ್ಕೆ ಇಳಿಯಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಹಾಗಾದರೆ ಏನನ್ನು ನಂಬಬೇಕು, ಯಾವ ಹೊತ್ತಿನಲ್ಲಿ ಏನು ಮಾಡಬೇಕು ಎಂಬುದನ್ನು ಮುಂದೆ ಹಂತ ಹಂತವಾಗಿ ವಿವರಿಸಿದ್ದೇನೆ.

ಈ ಭಯಕ್ಕೆ ವ್ಯಾಯಾಮವನ್ನೇ ಬಿಡುವವರು ಬಹಳ. ಮಗುವಿಗೆ ಟೈಪ್ 1 ಎಂದು ಗೊತ್ತಾದ ದಿನದಿಂದ ಆಟದ ಪೀರಿಯಡ್‌ನಲ್ಲಿ ಅದನ್ನು ಬೆಂಚಿನ ಮೇಲೆ ಕೂರಿಸುವ ಶಾಲೆಗಳೂ ಇವೆ. ಇದು ಅನ್ಯಾಯ. ವಾಸಿಂ ಅಕ್ರಂ ಅವರಿಗೆ 1997ರಲ್ಲಿ ಟೈಪ್ 1 ಮಧುಮೇಹ ಪತ್ತೆಯಾಯಿತು. ಅವರು 2003ರವರೆಗೆ ಅಂತರರಾಷ್ಟ್ರೀಯ ಕ್ರಿಕೆಟ್‌ನಲ್ಲಿ ವೇಗದ ಬೌಲಿಂಗ್ ಮಾಡಿದರು. ಅಮೆರಿಕದ ಈಜುಗಾರ ಗ್ಯಾರಿ ಹಾಲ್ ಜೂನಿಯರ್ ಅವರಿಗೆ 1999ರಲ್ಲಿ ಪತ್ತೆಯಾಯಿತು. ಅವರು 2000 ಮತ್ತು 2004ರ ಒಲಿಂಪಿಕ್ಸ್‌ಗಳಲ್ಲಿ 50 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದರು. ಹೃದಯ, ರಕ್ತನಾಳ, ಮೂಳೆ, ಮನಸ್ಸು ಎಲ್ಲಕ್ಕೂ ವ್ಯಾಯಾಮ ಬೇಕು. ಆದರೆ ಅದನ್ನು ಲೆಕ್ಕವಿಟ್ಟು ಮಾಡಬೇಕು.

ಮುಂದೆ ಬರುವ ಶುಗರ್ ಸಂಖ್ಯೆಗಳೆಲ್ಲ ಮಿ.ಗ್ರಾಂ/ಡೆ.ಲೀ. ಲೆಕ್ಕದಲ್ಲಿವೆ ಮತ್ತು ಬಹುತೇಕ ವಯಸ್ಕರಿಗೆ ಸಲಹೆ ಮಾಡುವ ಆರಂಭದ ಅಂದಾಜುಗಳಾಗಿವೆ. ಇನ್ಸುಲಿನ್ ಪ್ರಮಾಣವನ್ನು ಎಷ್ಟು ಇಳಿಸಬೇಕು ಎಂಬುದನ್ನು ನಿಮ್ಮ ವೈದ್ಯರ ಜೊತೆ ಕೂತು ನಿಮ್ಮದೇ ದಾಖಲೆ ನೋಡಿ ತೀರ್ಮಾನಿಸಬೇಕು. ಗರ್ಭಿಣಿಯರು, ಹೃದ್ರೋಗ ಅಥವಾ ಕಣ್ಣಿನ ಅಕ್ಷಿಪಟಲದ ತೊಂದರೆ ಇರುವವರು ಹೊಸ ವ್ಯಾಯಾಮ ಆರಂಭಿಸುವ ಮೊದಲೇ ಕೇಳಬೇಕು.

ಇಳಿಯುವುದೇಕೆ, ತಿಳಿಯದಿರುವುದೇಕೆ

ದುಡಿಯುವ ಸ್ನಾಯು ಇನ್ಸುಲಿನ್‌ನ ನೆರವಿಲ್ಲದೆಯೂ ರಕ್ತದಿಂದ ಗ್ಲುಕೋಸ್ ಹೀರಿಕೊಳ್ಳುತ್ತದೆ. ಮಧುಮೇಹ ಇಲ್ಲದವರಲ್ಲಿ ಓಡಲು ಶುರು ಮಾಡಿದ ಕೂಡಲೇ ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುಗಡೆಯನ್ನು ತಗ್ಗಿಸುತ್ತದೆ, ಗ್ಲುಕಗಾನ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ, ಯಕೃತ್ತು ತನ್ನ ದಾಸ್ತಾನಿನಿಂದ ಗ್ಲುಕೋಸ್ ಹೊರಬಿಡುತ್ತದೆ. ಟೈಪ್ 1 ಇರುವವರಲ್ಲಿ ಚುಚ್ಚಿಕೊಂಡ ಇನ್ಸುಲಿನ್ ಚರ್ಮದಡಿಯಲ್ಲಿದೆ. ಓಡಲು ಶುರು ಮಾಡಿದ್ದೇವೆಂದು ಅದು ಕಡಿಮೆಯಾಗುವುದಿಲ್ಲ. ಮೈ ಬಿಸಿಯಾಗಿ ರಕ್ತದ ಹರಿವು ಹೆಚ್ಚಿದಂತೆ ಅದು ಇನ್ನೂ ಬೇಗ ಹೀರಲ್ಪಡುತ್ತದೆ. ವ್ಯಾಯಾಮವು ಇನ್ಸುಲಿನ್‌ನ ಪರಿಣಾಮವನ್ನು ಹೆಚ್ಚಿಸುತ್ತದೆ ಎಂದು ಸ್ವತಃ ಮಧುಮೇಹಿಯಾಗಿದ್ದ ಲಂಡನ್ನಿನ ವೈದ್ಯ ಆರ್. ಡಿ. ಲಾರೆನ್ಸ್ 1926ರಲ್ಲೇ ಬರೆದಿದ್ದರು. ಇನ್ಸುಲಿನ್ ಕಂಡುಹಿಡಿದು ಆಗ ಐದು ವರ್ಷವಾಗಿತ್ತಷ್ಟೆ.

ಶುಗರ್ 70ಕ್ಕಿಂತ ಇಳಿದರೆ ಅದು ಎಚ್ಚರಿಕೆಯ ಮಟ್ಟ. 54ಕ್ಕಿಂತ ಇಳಿದರೆ ತಕ್ಷಣ ಸರಿಪಡಿಸಲೇಬೇಕಾದ ಮಟ್ಟ. ಬೇರೆಯವರ ಸಹಾಯವಿಲ್ಲದೆ ಚೇತರಿಸಿಕೊಳ್ಳಲಾಗದ ಸ್ಥಿತಿ ಬಂದರೆ, ಸಂಖ್ಯೆ ಏನೇ ಇರಲಿ, ಅದು ತೀವ್ರ ಹೈಪೋ (ಹೈಪೋ ಎಂದರೆ ಶುಗರ್ ಅತಿಯಾಗಿ ಇಳಿಯುವುದು, ಲೋ ಆಗುವುದು). ಇಳಿತವನ್ನು ತಡೆಯುವ ದೇಹದ ಮೊದಲ ಕಾವಲಾದ ಗ್ಲುಕಗಾನ್ ಪ್ರತಿಕ್ರಿಯೆ ಟೈಪ್ 1ರಲ್ಲಿ ಕೆಲವೇ ವರ್ಷಗಳಲ್ಲಿ ಸೊರಗುತ್ತದೆ. ಉಳಿಯುವುದು ಅಡ್ರಿನಲಿನ್. ಬೆವರು, ನಡುಕ, ಎದೆಬಡಿತ ಇವೆಲ್ಲ ಆ ಪ್ರತಿಕ್ರಿಯೆಯ ಗುರುತುಗಳೇ. ಮತ್ತೆ ಮತ್ತೆ ಶುಗರ್ ಇಳಿಯುತ್ತಿದ್ದರೆ ಮಿದುಳು ಆ ಕಡಿಮೆ ಮಟ್ಟಕ್ಕೆ ಒಗ್ಗಿಕೊಂಡು, 70ರ ಹತ್ತಿರ ಬರಬೇಕಿದ್ದ ನಡುಕ 50ರ ಹತ್ತಿರ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಅಷ್ಟರಲ್ಲಿ ಮಿದುಳಿಗೇ ಗ್ಲುಕೋಸ್ ಸಾಲದೆ ಯೋಚನೆ ಕೆಟ್ಟಿರುತ್ತದೆ. ಸಕ್ಕರೆ ತಿನ್ನಬೇಕೆಂದು ನಿರ್ಧರಿಸಬೇಕಾದ ಮಿದುಳೇ ನಿರ್ಧರಿಸಲಾರದ ಸ್ಥಿತಿಯಲ್ಲಿರುತ್ತದೆ. ನಿದ್ರೆ ಮತ್ತು ಮದ್ಯ ಈ ಎಚ್ಚರಿಕೆಯನ್ನು ಇನ್ನಷ್ಟು ಮೊಂಡಾಗಿಸುತ್ತವೆ.

ಮೊದಲ ಹೆಜ್ಜೆ: ನಿಮ್ಮ ಅರಿವನ್ನು ಅಳೆದುಕೊಳ್ಳಿ

ವೈದ್ಯರು ಬಳಸುವ ಒಂದೇ ಸಾಲಿನ ಪ್ರಶ್ನೆಯೊಂದಿದೆ. ಅದಕ್ಕೆ ಗೋಲ್ಡ್ ಸ್ಕೋರ್ ಎನ್ನುತ್ತಾರೆ. ‘ನನಗೆ ಲೋ ಶುರುವಾಗುವಾಗ ಗೊತ್ತಾಗುತ್ತದೆಯೇ?’ ಎಂದು ಕೇಳಿಕೊಂಡು 1ರಿಂದ 7ರವರೆಗೆ ಅಂಕ ಕೊಟ್ಟುಕೊಳ್ಳಿ. ಯಾವಾಗಲೂ ಗೊತ್ತಾಗುತ್ತದೆ ಎಂದರೆ 1, ಎಂದಿಗೂ ಗೊತ್ತಾಗುವುದಿಲ್ಲ ಎಂದರೆ 7. ಅಂಕ 4 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅರಿವು ಕುಂದಿದೆ ಎಂದು ಅರ್ಥ. ಇದು ಅಪರೂಪದ ಸಂಗತಿಯೇನಲ್ಲ. ಟೈಪ್ 1 ಇರುವ ವಯಸ್ಕರಲ್ಲಿ ಸುಮಾರು ನಾಲ್ಕೈದು ಮಂದಿಗೆ ಒಬ್ಬರಲ್ಲಿ ಇದು ಕಾಣುತ್ತದೆ, ಮತ್ತು ಅಂಥವರಿಗೆ ತೀವ್ರ ಹೈಪೋ ಆಗುವ ಅಪಾಯ ಹಲವು ಪಟ್ಟು ಹೆಚ್ಚು.

ಅಂಕ ಕೊಟ್ಟುಕೊಳ್ಳುವಾಗ ಮನೆಯವರನ್ನೂ ಕೇಳಿ. ‘ನಿನಗೆ ಲೋ ಆಗಿದೆ ಅಂತ ನಿನಗಿಂತ ಮುಂಚೆ ನನಗೇ ಗೊತ್ತಾಗುತ್ತದೆ’ ಎಂದು ಅಮ್ಮನೋ ಹೆಂಡತಿಯೋ ಹೇಳುವುದಾದರೆ ನೀವು ಕೊಟ್ಟುಕೊಂಡ 2 ಅಂಕ ನಿಜವಲ್ಲ. ಬಿ.ಪಿ.ಗೋ ಹೃದಯಕ್ಕೋ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಎದೆಬಡಿತ ಮತ್ತು ನಡುಕ ಅಡಗಿಹೋಗಬಹುದು. ಬೆವರು ಮಾತ್ರ ಸಾಮಾನ್ಯವಾಗಿ ಉಳಿದಿರುತ್ತದೆ. ಅದನ್ನೂ ಬರೆದಿಟ್ಟುಕೊಳ್ಳಿ.

ಇದರ ಜೊತೆಗೆ ಒಂದು ಅಭ್ಯಾಸ ಬೆಳೆಸಿಕೊಳ್ಳಬೇಕು: ಮೊದಲು ಊಹೆ, ಆಮೇಲೆ ಪರೀಕ್ಷೆ. ಬೆರಳು ಚುಚ್ಚುವ ಅಥವಾ ಚರ್ಮಕ್ಕೆ ಅಂಟಿಸಿಕೊಂಡ, ಸದಾ ಶುಗರ್ ತೋರಿಸುವ ಸೆನ್ಸರ್ ನೋಡುವ ಮೊದಲು ‘ಈಗ ನನ್ನ ಶುಗರ್ ಇಷ್ಟಿರಬಹುದು, ಮೈಯಲ್ಲಿ ಹೀಗನ್ನಿಸುತ್ತಿದೆ’ ಎಂದು ಒಂದು ಸಾಲು ಬರೆದು, ಅದರ ಪಕ್ಕದಲ್ಲಿ ನಿಜವಾದ ಸಂಖ್ಯೆ ಬರೆಯಿರಿ. ಎರಡು ಮೂರು ವಾರ ಹೀಗೆ ಮಾಡಿದರೆ ನಿಮ್ಮ ದೇಹದ ನಂಬಬಹುದಾದ ಗುರುತು ಯಾವುದು, ನಂಬಲಾಗದ್ದು ಯಾವುದು ಎಂಬುದು ಕಣ್ಣೆದುರು ನಿಲ್ಲುತ್ತದೆ. ಒಬ್ಬರಿಗೆ ತುಟಿಯ ಸುತ್ತ ಜೋಮು, ಇನ್ನೊಬ್ಬರಿಗೆ ಓದುವ ಅಕ್ಷರ ಎರಡೆರಡಾಗಿ ಕಾಣುವುದು, ಮತ್ತೊಬ್ಬರಿಗೆ ಕಾರಣವಿಲ್ಲದ ಸಿಟ್ಟು. ನಿಮ್ಮದು ಯಾವುದೆಂದು ಬೇರೆ ಯಾರೂ ಹೇಳಲಾರರು.

ಎರಡನೆಯ ಹೆಜ್ಜೆ: ಮಾಡುವ ಕೆಲಸದ ಬಗೆ ತಿಳಿಯಿರಿ

ನಡಿಗೆ, ಓಟ, ಸೈಕಲ್, ಈಜು ಮೊದಲಾದ ಏಕಪ್ರಕಾರವಾಗಿ ಸಾಗುವ ವ್ಯಾಯಾಮಗಳು ಸಾಮಾನ್ಯವಾಗಿ ಶುಗರನ್ನು ಆಗಲೇ ಇಳಿಸುತ್ತವೆ. ಭಾರ ಎತ್ತುವುದು, ಸ್ಪ್ರಿಂಟ್, ಪಂದ್ಯದ ಬಿಸಿಯಲ್ಲಿ ಆಡುವ ಕಬಡ್ಡಿ ಇವು ಅಡ್ರಿನಲಿನ್ ಏರಿಸುವುದರಿಂದ ಶುಗರ್ ಆ ಹೊತ್ತಿಗೆ ಏರಲೂಬಹುದು. ಇಳಿತ ಗಂಟೆಗಳ ನಂತರ ಬರುತ್ತದೆ. ಜಿಮ್ ಮತ್ತು ಓಟ ಎರಡನ್ನೂ ಒಂದೇ ದಿನ ಮಾಡುವವರು ಭಾರ ಎತ್ತುವುದನ್ನು ಮೊದಲು, ಓಟವನ್ನು ಆಮೇಲೆ ಇಟ್ಟುಕೊಂಡರೆ ಓಟದ ನಡುವಿನ ಇಳಿತ ಕಡಿಮೆ. ಸಾಧಾರಣ ವೇಗದ ವ್ಯಾಯಾಮದ ಕೊನೆಯಲ್ಲಿ 10 ಸೆಕೆಂಡ್ ಪೂರ್ಣ ವೇಗದಲ್ಲಿ ಓಡಿದರೆ ಅದರ ಬೆನ್ನಿಗೇ ಆಗುವ ಇಳಿತ ತಾತ್ಕಾಲಿಕವಾಗಿ ತಡೆಯಲ್ಪಡುತ್ತದೆ. ಇದು ಆರೋಗ್ಯವಾಗಿರುವ ಹೃದಯ ಮತ್ತು ಕಣ್ಣು ಇರುವವರಿಗೆ ಮಾತ್ರ, ರಾತ್ರಿಯ ಇಳಿತಕ್ಕೆ ಇದು ಪರಿಹಾರವೂ ಅಲ್ಲ.

ವ್ಯಾಯಾಮವೆಂದು ಹೆಸರಿಲ್ಲದ ದುಡಿಮೆಯೇ ಹೆಚ್ಚು ಜನರನ್ನು ಬೀಳಿಸುತ್ತದೆ ಎಂಬುದು ನನ್ನ ಅನಿಸಿಕೆ. ಬೆಳಿಗ್ಗೆ ವಾಕಿಂಗ್‌ಗೆ ಹೊರಡುವಾಗ ಜೇಬಿನಲ್ಲಿ ಗ್ಲುಕೋಸ್ ಇಟ್ಟುಕೊಳ್ಳುವವರು ದೀಪಾವಳಿಗೆ ಮನೆ ಒರೆಸುವಾಗ, ಮದುವೆ ಮನೆಯಲ್ಲಿ ಓಡಾಡುವಾಗ, ನಾಟಿಯ ದಿನ ಗದ್ದೆಗೆ ಇಳಿದಾಗ, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗ ಶುಗರ್ ನೋಡಿಕೊಳ್ಳುವುದಿಲ್ಲ. ಅದರಲ್ಲೂ ಪೂಜೆ ಮುಗಿಯುವ ತನಕ ಏನೂ ತಿನ್ನುವುದಿಲ್ಲ ಎಂದು ಉಪವಾಸವಿದ್ದು ಮೆಟ್ಟಿಲು ಹತ್ತುವುದು ಎರಡು ಅಪಾಯಗಳನ್ನು ಒಟ್ಟಿಗೆ ಹೊತ್ತಂತೆ. ಎದೆಬಡಿತ ಏರಿಸುವ, ಅರ್ಧ ಗಂಟೆ ಮೀರುವ ಯಾವ ಕೆಲಸವನ್ನಾದರೂ ವ್ಯಾಯಾಮವೆಂದೇ ಲೆಕ್ಕಕ್ಕೆ ಹಿಡಿಯಿರಿ.

ಮೂರನೆಯ ಹೆಜ್ಜೆ: ಮೈಯಲ್ಲಿ ಇನ್ಸುಲಿನ್ ಎಷ್ಟಿದೆ ಎಂದು ನೋಡಿ

ವ್ಯಾಯಾಮದ ನಡುವೆ ಶುಗರ್ ಎಷ್ಟು ಇಳಿಯುತ್ತದೆ ಎಂಬುದನ್ನು ಎಲ್ಲಕ್ಕಿಂತ ಹೆಚ್ಚಾಗಿ ನಿರ್ಧರಿಸುವುದು ಆ ಹೊತ್ತಿನಲ್ಲಿ ಕೆಲಸ ಮಾಡುತ್ತಿರುವ ಇನ್ಸುಲಿನ್. ಊಟದ ಹೊತ್ತಿಗೆ ತೆಗೆದುಕೊಳ್ಳುವ ಶೀಘ್ರ ಇನ್ಸುಲಿನ್ ಒಂದೆರಡು ಗಂಟೆಯಲ್ಲಿ ಉತ್ತುಂಗಕ್ಕೇರುತ್ತದೆ. ಹಳೆಯ ರೆಗ್ಯುಲರ್ ಇನ್ಸುಲಿನ್ ಎರಡರಿಂದ ನಾಲ್ಕು ಗಂಟೆಯ ನಡುವೆ, ಎನ್‌ಪಿಎಚ್ ನಾಲ್ಕು ಗಂಟೆಯ ನಂತರ. ಬೆಳಿಗ್ಗೆ ಎನ್‌ಪಿಎಚ್ ಅಥವಾ 30/70 ಮಿಶ್ರಣ ತೆಗೆದುಕೊಂಡು ಶಾಲೆಗೆ ಹೋಗುವ ಮಗುವಿಗೆ ಮಧ್ಯಾಹ್ನದ ಆಟದ ಪೀರಿಯಡ್ ಬರುವುದು ಸರಿಯಾಗಿ ಆ ಉತ್ತುಂಗದ ಹೊತ್ತಿಗೆ. ಮಿಶ್ರ ಇನ್ಸುಲಿನ್‌ನಲ್ಲಿ ಒಂದು ಭಾಗವನ್ನಷ್ಟೇ ಕಡಿಮೆ ಮಾಡಲು ಬರುವುದಿಲ್ಲ. ಆದ್ದರಿಂದ ಅಂಥವರು ಮುಖ್ಯವಾಗಿ ಹೆಚ್ಚುವರಿ ಆಹಾರವನ್ನೇ ನೆಚ್ಚಬೇಕು, ಮತ್ತು ಆಟವಾಡುವ ಮಗುವಿಗೆ ಊಟಕ್ಕೊಂದು (ಬೋಲಸ್), ದಿನವಿಡೀ ಕೆಲಸ ಮಾಡಲು ಇನ್ನೊಂದು (ಬೇಸಲ್) ಎಂದು ಬೇರೆ ಬೇರೆ ಇನ್ಸುಲಿನ್ ಕೊಡುವ ಬೇಸಲ್‌-ಬೋಲಸ್ ಕ್ರಮ ಸಾಧ್ಯವೇ ಎಂದು ವೈದ್ಯರನ್ನು ಕೇಳಬೇಕು.

ಬೇಸಲ್‌-ಬೋಲಸ್ ಕ್ರಮದಲ್ಲಿರುವವರು ಊಟವಾಗಿ ಮೂರು ಗಂಟೆಯೊಳಗೆ ವ್ಯಾಯಾಮ ಮಾಡುವುದಾದರೆ ಆ ಊಟದ ಬೋಲಸ್ ಇಳಿಸುವುದು ವಾಡಿಕೆ. 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಸಲಹೆಯಂತೆ, ಹಗುರ ವ್ಯಾಯಾಮ ಅರ್ಧ ಗಂಟೆಯಾದರೆ ಶೇ 25, ಒಂದು ಗಂಟೆಯಾದರೆ ಶೇ 50. ಮಧ್ಯಮ ವ್ಯಾಯಾಮ ಅರ್ಧ ಗಂಟೆಯಾದರೆ ಶೇ 50, ಒಂದು ಗಂಟೆಯಾದರೆ ಶೇ 75ರಷ್ಟು ಇಳಿಸಬಹುದು. ಚರ್ಮದಡಿಗೆ ಸದಾ ಇನ್ಸುಲಿನ್ ಹರಿಸುವ ಪಂಪ್ ಬಳಸುವವರು ಬೇಸಲ್ ಅನ್ನು ವ್ಯಾಯಾಮ ಶುರುವಾಗುವ ಹೊತ್ತಿಗಲ್ಲ, 60ರಿಂದ 90 ನಿಮಿಷ ಮೊದಲೇ ಶೇ 50ರಿಂದ 80ರಷ್ಟು ಇಳಿಸಬೇಕು. ಮೊದಲೇ ಹೋದ ಇನ್ಸುಲಿನ್ ಕರಗಲು ಅಷ್ಟು ಹೊತ್ತು ಬೇಕು. ಓಟಕ್ಕೋ ಸೈಕಲ್ಲಿಗೋ ಮುನ್ನ ತೊಡೆಗೆ ಚುಚ್ಚಬೇಡಿ, ಹೊಟ್ಟೆಗೆ ಚುಚ್ಚಿ. ತೆಳ್ಳಗಿನ ಮಕ್ಕಳಲ್ಲಿ ಸೂಜಿ ಸ್ನಾಯುವಿಗೆ ಇಳಿದರೆ ಇನ್ಸುಲಿನ್ ನುಗ್ಗಿದಂತೆ ರಕ್ತ ಸೇರುತ್ತದೆ.

ಪದೇ ಪದೇ ಲೋ ಆಗುವವರಿಗೆ ಬೆಳಗಿನ ತಿಂಡಿ ಮತ್ತು ಅದರ ಇನ್ಸುಲಿನ್‌ಗೂ ಮೊದಲು ಮಾಡುವ ವ್ಯಾಯಾಮ ಹೆಚ್ಚು ಸುರಕ್ಷಿತ. ಆ ಹೊತ್ತಿನಲ್ಲಿ ಮೈಯಲ್ಲಿ ಊಟದ ಇನ್ಸುಲಿನ್ ಉಳಿದಿರುವುದಿಲ್ಲ. ಸಂಜೆಯ ಆಟವನ್ನು ಬೆಳಿಗ್ಗೆಗೆ ಬದಲಿಸಿಕೊಳ್ಳಲು ಆಗುವವರು ಹಾಗೆ ಮಾಡಲಿ.

ನಾಲ್ಕನೆಯ ಹೆಜ್ಜೆ: ಹೊರಡುವ ಮುನ್ನ

ಕಳೆದ 24 ಗಂಟೆಯಲ್ಲಿ ಇನ್ನೊಬ್ಬರ ಸಹಾಯ ಬೇಕಾದಂಥ ತೀವ್ರ ಹೈಪೋ ಆಗಿದ್ದರೆ ಇವತ್ತು ವ್ಯಾಯಾಮ ಬೇಡ. ಇದರಲ್ಲಿ ರಿಯಾಯಿತಿ ಇಲ್ಲ. ಸಣ್ಣ ಹೈಪೋ ಆಗಿದ್ದರೆ ಹೋಗಬಹುದು, ಆದರೆ ಒಬ್ಬರೇ ಹೋಗಬಾರದು ಮತ್ತು ಮಾಮೂಲಿಗಿಂತ ಎರಡು ಪಟ್ಟು ಸಲ ಶುಗರ್ ನೋಡಬೇಕು.

ಆರಂಭದಲ್ಲಿ 126ರಿಂದ 180ರ ನಡುವೆ ಇದ್ದರೆ ಒಳ್ಳೆಯದು. ಅರಿವು ಕುಂದಿರುವವರು ಈ ವ್ಯಾಪ್ತಿಯ ಮೇಲಿನ ಅಂಚಿನಲ್ಲೇ, 160ರ ಆಚೆ, ಶುರು ಮಾಡಲಿ. 90ಕ್ಕಿಂತ ಕಡಿಮೆ ಇದ್ದರೆ 10ರಿಂದ 20 ಗ್ರಾಂ ಗ್ಲುಕೋಸ್ ತೆಗೆದುಕೊಂಡು, 90 ದಾಟುವ ತನಕ ಕಾಯಬೇಕು. 90ರಿಂದ 125ರ ನಡುವೆ ಇದ್ದರೆ ಓಟ, ನಡಿಗೆಗಳಿಗೆ ಮುನ್ನ 10 ಗ್ರಾಂ. 270 ಮೀರಿದ್ದು ಅದಕ್ಕೆ ಕಾರಣ ತಿಳಿಯದಿದ್ದರೆ ಕೀಟೋನ್ (ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಉರಿಸುವಾಗ ರಕ್ತದಲ್ಲಿ ಸೇರುವ ಆಮ್ಲ) ಪರೀಕ್ಷೆ ಮಾಡಿ. ರಕ್ತದ ಕೀಟೋನ್ 1.5 ಮಿ.ಮೋಲ್/ಲೀ. ಅಥವಾ ಹೆಚ್ಚಿದ್ದರೆ ವ್ಯಾಯಾಮ ನಿಷಿದ್ಧ, ಮೊದಲು ಚಿಕಿತ್ಸೆ. ಲೋ ಆಗುವ ಹೆದರಿಕೆಯಿಂದ ಇನ್ಸುಲಿನ್ ಪೂರ್ತಿ ಬಿಟ್ಟು ಆಡಲು ಹೋಗುವವರು ಈ ಅಪಾಯಕ್ಕೆ ಸಿಲುಕುತ್ತಾರೆ.

ಒಂದೇ ಓದಿನಿಂದ ತೃಪ್ತರಾಗಬೇಡಿ. ಅರ್ಧ ಗಂಟೆ ಮುಂಚೆ ಒಮ್ಮೆ, ಶುರು ಮಾಡುವಾಗ ಒಮ್ಮೆ ನೋಡಿದರೆ ಶುಗರ್ ಯಾವ ಕಡೆಗೆ ಸಾಗುತ್ತಿದೆ ಎಂಬುದು ಗೊತ್ತಾಗುತ್ತದೆ. 170ರಿಂದ 135ಕ್ಕೆ ಇಳಿದಿರುವ 135ಕ್ಕೂ, 120ರಿಂದ 135ಕ್ಕೆ ಏರಿರುವ 135ಕ್ಕೂ ಬಹಳ ಅಂತರವಿದೆ. ಸೆನ್ಸರ್ ಇರುವವರಿಗೆ ಬಾಣದ ಗುರುತೇ ಇದನ್ನು ಹೇಳುತ್ತದೆ.

ಜೇಬಿನಲ್ಲಿ ಗ್ಲುಕೋಸ್ ಪುಡಿ ಅಥವಾ ಮಾತ್ರೆ ಇರಬೇಕು. ಬ್ಯಾಗಿನಲ್ಲಿ, ಸ್ಕೂಟರಿನ ಡಿಕ್ಕಿಯಲ್ಲಿ ಅಲ್ಲ, ಜೇಬಿನಲ್ಲಿ. ಪುಡಿಯನ್ನು ಮೂರು ಟೀ ಚಮಚದಷ್ಟು, ಅಂದರೆ ಸುಮಾರು 15 ಗ್ರಾಂ, ಸಣ್ಣ ಜಿಪ್ ಪೊಟ್ಟಣಗಳಲ್ಲಿ ಮೊದಲೇ ಕಟ್ಟಿಟ್ಟುಕೊಂಡರೆ ನಡುಗುವ ಕೈಯಲ್ಲಿ ಅಳೆಯುವ ಕಷ್ಟ ತಪ್ಪುತ್ತದೆ.

ಐದನೆಯ ಹೆಜ್ಜೆ: ಆಟದ ನಡುವೆ ಗುರುತಿಸುವುದು

ಇಲ್ಲಿ ಬೆವರನ್ನೂ ಎದೆಬಡಿತವನ್ನೂ ಬದಿಗಿಟ್ಟು, ಮಿದುಳಿನ ಗುರುತುಗಳನ್ನು ಹುಡುಕಬೇಕು. ಅವು ದಣಿವಿನಿಂದ ಬರುವುದು ಕಡಿಮೆ. ಬಡಾವಣೆಯ ಶಟಲ್ ಕೋರ್ಟಿನಲ್ಲಿ ಆಡುತ್ತಿರುವ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳಿ. ಇಷ್ಟು ಹೊತ್ತು ಸರಿಯಾಗಿ ಸರ್ವ್ ಮಾಡುತ್ತಿದ್ದವನು ಎರಡು ಸಲ ನೆಟ್‌ಗೆ ಹೊಡೆಯುತ್ತಾನೆ. ಸ್ಕೋರ್ ಎಷ್ಟೆಂದು ಕೇಳಿದರೆ ಹಿಂದಿನದನ್ನೇ ಹೇಳುತ್ತಾನೆ. ಜೊತೆಗಾರ ತಿದ್ದಿದರೆ ರೇಗುತ್ತಾನೆ. ಯಾವ ಬದಿಯಲ್ಲಿ ನಿಲ್ಲಬೇಕೆಂಬುದು ತಪ್ಪಿ, ಒಂದು ಕ್ಷಣ ಸುಮ್ಮನೆ ರ‍್ಯಾಕೆಟ್ ನೋಡುತ್ತ ನಿಲ್ಲುತ್ತಾನೆ. ನೋಡುವವರಿಗೆ ಗಮನ ತಪ್ಪಿದಂತೆ ಕಾಣುತ್ತದೆ. ಆ ಹೊತ್ತಿನಲ್ಲಿ ಅವನ ಶುಗರ್ 55 ಇದ್ದರೂ ಆಶ್ಚರ್ಯವಿಲ್ಲ. ಓಡುವವರಲ್ಲಿ ಇದು ಕಾಲು ಎಡವುವುದಾಗಿ, ಎಷ್ಟು ಸುತ್ತು ಮುಗಿಯಿತೆಂಬ ಲೆಕ್ಕ ಮರೆಯುವುದಾಗಿ, ಹಾಡು ಕೇಳುತ್ತಿದ್ದರೆ ಅದರ ಸದ್ದೇ ಸಹಿಸಲಾಗದಂತಾಗುವುದಾಗಿ ಕಾಣಬಹುದು. ಚಿಕ್ಕ ಮಕ್ಕಳು ಮಾತಿಲ್ಲದೆ ಮೂಲೆಗೆ ಸರಿಯುತ್ತಾರೆ, ಇಲ್ಲವೇ ಹಟ ಹಿಡಿದು ಅಳುತ್ತಾರೆ.

ಈ ಕಾರಣಕ್ಕೆ ನಿಮಗೆ ನೀವೇ ಒಂದು ಸಣ್ಣ ಪರೀಕ್ಷೆ ಗೊತ್ತು ಮಾಡಿಕೊಳ್ಳಿ. ಪ್ರತಿ 15–20 ನಿಮಿಷಕ್ಕೊಮ್ಮೆ 100ರಿಂದ ಏಳೇಳು ಕಳೆಯುತ್ತ ಹೋಗುವುದು, ಅಥವಾ ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಕೊಳ್ಳುವುದು ಸಾಕು. ತಡವರಿಸಿದರೆ ನಿಲ್ಲಿಸಿ, ಶುಗರ್ ನೋಡಿ. ಬೆವರಿನಲ್ಲೂ ಒಂದು ವ್ಯತ್ಯಾಸ ಸಿಗಬಹುದು: ದಣಿವಿನ ಬೆವರು ನೆರಳಿನಲ್ಲಿ ಎರಡು ಮೂರು ನಿಮಿಷ ನಿಂತರೆ ಕಡಿಮೆಯಾಗುತ್ತದೆ, ಎದೆಬಡಿತವೂ ತಗ್ಗುತ್ತದೆ; ಲೋ ಶುಗರ್‌ನ ಬೆವರು ತಣ್ಣಗಿದ್ದು, ನಿಂತ ಮೇಲೂ ಕತ್ತಿನ ಹಿಂದೆ, ಹಣೆಯ ಮೇಲೆ ಒಸರುತ್ತಲೇ ಇರುತ್ತದೆ. ಆದರೆ ಇದನ್ನು ಅನುಮಾನ ಹುಟ್ಟಿಸಿಕೊಳ್ಳಲು ಬಳಸಿ, ಅನುಮಾನ ಕಳೆದುಕೊಳ್ಳಲು ಬಳಸಬೇಡಿ. ಅನುಮಾನ ಕಳೆಯಬೇಕಾದ್ದು ಮೀಟರ್ ಮಾತ್ರ.

ಹೊಸ ವ್ಯಾಯಾಮವಾದರೆ 15–20 ನಿಮಿಷಕ್ಕೊಮ್ಮೆ, ಪರಿಚಿತವಾದದ್ದಾದರೆ 30 ನಿಮಿಷಕ್ಕೊಮ್ಮೆ ಗಡಿಯಾರ ನೋಡಿ ಪರೀಕ್ಷಿಸಿ. ಮೈಯಲ್ಲಿ ಏನಾದರೂ ಅನ್ನಿಸಲಿ ಎಂದು ಕಾಯಬೇಡಿ. ಪರೀಕ್ಷಿಸುವ ಮುನ್ನ ಬೆರಳನ್ನು ನೀರಿನಲ್ಲಿ ತೊಳೆದು ಒರೆಸಿಕೊಳ್ಳುವುದು ಅತಿ ಮುಖ್ಯ. ಗ್ಲುಕೋಸ್ ಪುಡಿ ಮುಟ್ಟಿದ ಅಥವಾ ಬಾಳೆಹಣ್ಣು ಸುಲಿದ ಬೆರಳಿನ ಮೇಲೆ ಉಳಿದ ಚೂರು ಸಿಹಿಯೂ ರಕ್ತದ ಹನಿಗೆ ಸೇರಿ, 60 ಇರುವ ಶುಗರನ್ನು ಮೀಟರಿನಲ್ಲಿ ಎಷ್ಟೋ ಹೆಚ್ಚಾಗಿ ತೋರಿಸಬಲ್ಲದು.

ಸೆನ್ಸರ್ ತೋಳಿನ ಚರ್ಮದಡಿಯ ದ್ರವವನ್ನು ಅಳೆಯುತ್ತದೆ, ರಕ್ತವನ್ನಲ್ಲ. ಹಾಗಾಗಿ ಅದು ರಕ್ತಕ್ಕಿಂತ 5–10 ನಿಮಿಷ ಹಿಂದಿರುತ್ತದೆ, ಓಟದಂಥ ಹೊತ್ತಿನಲ್ಲಿ ಇನ್ನೂ ಹಿಂದೆ. ಸೆನ್ಸರ್ 85 ಎಂದು ತೋರಿಸಿ ಬಾಣ ಕೆಳಗಿದ್ದರೆ ರಕ್ತದಲ್ಲಿ ಆಗಲೇ 70ಕ್ಕಿಂತ ಕಡಿಮೆ ಇರಬಹುದು. ಆದ್ದರಿಂದ ವ್ಯಾಯಾಮದ ಹೊತ್ತಿಗೆ ಕೆಳಗಿನ ಅಲಾರಂ ಅನ್ನು 100ಕ್ಕೆ ಏರಿಸಿಕೊಳ್ಳಿ. ಈಜುವಾಗ ನೀರಿನೊಳಗಿಂದ ಸೆನ್ಸರಿನ ಸಂಕೇತ ಫೋನಿಗೆ ತಲುಪುವುದಿಲ್ಲ ಎಂಬುದನ್ನೂ ಮರೆಯಬೇಡಿ. ಅಲಾರಂ ಕೇಳಿಸಲಿಲ್ಲ ಎಂದರೆ ಶುಗರ್ ಸರಿಯಿದೆ ಎಂದಲ್ಲ.

ವ್ಯಾಯಾಮ ಒಂದು ಗಂಟೆಯಷ್ಟಾದರೆ ನಡುವೆ ತಿನ್ನಬೇಕು. ಬೋಲಸ್ ಇಳಿಸಿದ್ದರೆ ಗಂಟೆಗೆ 10–15 ಗ್ರಾಂ ಸಾಕಾಗಬಹುದು. ಇಳಿಸದೆ ಬಂದಿದ್ದರೆ ಗಂಟೆಗೆ 30–60 ಗ್ರಾಂ ಬೇಕಾಗುತ್ತದೆ. ಒಂದು ಏಲಕ್ಕಿ ಬಾಳೆಯಲ್ಲಿ ಸುಮಾರು 10 ಗ್ರಾಂ, ಒಂದು ಮಾರಿ ಬಿಸ್ಕತ್ತಿನಲ್ಲಿ 4–5 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಎಳನೀರನ್ನು ಹೆಚ್ಚು ನಂಬಬೇಡಿ. ದಾಹಕ್ಕೆ ಅದು ಒಳ್ಳೆಯದೇ, ಆದರೆ 100 ಮಿ.ಲೀ.ಗೆ ಅದರಲ್ಲಿರುವುದು 3–4 ಗ್ರಾಂ ಸಕ್ಕರೆ ಮಾತ್ರ.

ಜೊತೆಗಾರರಿಗೆ ಮೊದಲೇ ಹೇಳಿಡುವುದು ಈ ಹಂತದ ಅರ್ಧ ಕೆಲಸ. ಪಿ.ಟಿ. ಮೇಷ್ಟ್ರಿಗೆ, ಕೋಚ್‌ಗೆ, ದಿನವೂ ಜೊತೆಗೆ ಆಡುವವರಿಗೆ ಹೀಗೆ ಹೇಳಿ: ‘ನಾನು ಸ್ಕೋರ್ ತಪ್ಪಿದರೆ, ಸುಮ್ಮನೆ ರೇಗಿದರೆ, ಮಾತು ತೊದಲಿದರೆ ಆಟ ನಿಲ್ಲಿಸಿ ನನ್ನ ಜೇಬಿನ ಪೊಟ್ಟಣ ಕೊಡಿ. ಏನೂ ಆಗಿಲ್ಲ, ಚೆನ್ನಾಗಿದ್ದೀನಿ ಅಂತ ನಾನು ಹೇಳಿದರೂ ಕೇಳಬೇಡಿ, ಕೊಡಿ.’ ಕೊನೆಯ ಮಾತನ್ನು ಬಿಡದೆ ಹೇಳಿ. ಲೋ ಆದವರು ಬೇಡವೆನ್ನುವುದು ಬಹಳ ಸಾಮಾನ್ಯ, ಮತ್ತು ಗೌರವದಿಂದ ಹಿಂದೆ ಸರಿಯುವ ಗೆಳೆಯನಿಂದ ಆಗ ಉಪಯೋಗವಿಲ್ಲ.

ಆರನೆಯ ಹೆಜ್ಜೆ: ಇಳಿದಾಗ

ತಕ್ಷಣ ನಿಲ್ಲಿಸಿ, ಕುಳಿತುಕೊಳ್ಳಿ. ‘ಈ ಸೆಟ್ ಮುಗಿಯಲಿ’ ಎನ್ನಬೇಡಿ. 15 ಗ್ರಾಂ ಗ್ಲುಕೋಸ್ ತೆಗೆದುಕೊಂಡು 15 ನಿಮಿಷ ಕಾದು ಮತ್ತೆ ಪರೀಕ್ಷಿಸಿ. 70ರ ಕೆಳಗೇ ಇದ್ದರೆ ಮತ್ತೆ 15 ಗ್ರಾಂ. ಮಕ್ಕಳಿಗೆ ಪ್ರತಿ ಕೆ.ಜಿ. ತೂಕಕ್ಕೆ 0.3 ಗ್ರಾಂ ಲೆಕ್ಕ, ಅಂದರೆ 30 ಕೆ.ಜಿ. ಮಗುವಿಗೆ 9 ಗ್ರಾಂ. ಗ್ಲುಕೋಸ್ ಇಲ್ಲದಿದ್ದರೆ ಸಕ್ಕರೆ ನೀರು ಅಥವಾ ಹಣ್ಣಿನ ರಸ ಆದೀತು. ಚಾಕೊಲೇಟ್, ಹಾಲು, ಮೈಸೂರು ಪಾಕ್ ಇವುಗಳಲ್ಲಿನ ಕೊಬ್ಬು ಸಕ್ಕರೆ ರಕ್ತ ಸೇರುವುದನ್ನು ನಿಧಾನಿಸುವುದರಿಂದ ಈ ಹೊತ್ತಿಗೆ ಅವು ಸಲ್ಲವು. ಮೀಟರ್ ಇಲ್ಲದಿದ್ದರೂ ಅನುಮಾನ ಬಂದರೆ ತಿಂದುಬಿಡಿ.

ಪ್ರಜ್ಞೆ ತಪ್ಪಿದವರ, ನುಂಗಲಾಗದವರ ಬಾಯಿಗೆ ಏನನ್ನೂ ಹಾಕಬಾರದು. ಅದು ಶ್ವಾಸನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ, ಗ್ಲುಕಗಾನ್ ಕಿಟ್ ಇದ್ದರೆ 1 ಮಿ.ಗ್ರಾಂ ಚುಚ್ಚಿ, 25 ಕೆ.ಜಿ.ಗಿಂತ ಕಡಿಮೆ ತೂಕದ ಮಕ್ಕಳಿಗೆ ಅರ್ಧ ಮಿ.ಗ್ರಾಂ, 108ಕ್ಕೆ ಕರೆ ಮಾಡಿ. ಗ್ಲುಕಗಾನ್ ಕೆಲಸ ಮಾಡುವುದು ಯಕೃತ್ತಿನ ದಾಸ್ತಾನಿನ ಮೇಲೆ. ಬಹಳ ಹೊತ್ತು ಓಡಿದ ಮೇಲೆ ಅಥವಾ ಮದ್ಯ ಕುಡಿದ ಮೇಲೆ ಅದರ ಪರಿಣಾಮ ಕಡಿಮೆಯಾಗಬಹುದು, ಹಾಗಾಗಿ ಚುಚ್ಚಿದ್ದೇವೆಂದು ಆಂಬುಲೆನ್ಸ್ ಕರೆಯದೆ ಇರಬೇಡಿ.

ಶುಗರ್ ಸರಿಹೋದರೂ ಮಿದುಳು ಪೂರ್ತಿ ಸರಿಹೋಗಲು ಸುಮಾರು 45 ನಿಮಿಷ ಬೇಕು. ಅಷ್ಟು ಹೊತ್ತು ಬೈಕ್, ಸ್ಕೂಟರ್ ಮುಟ್ಟಬೇಡಿ. ಹೈಪೋ ಆಗದಿದ್ದ ದಿನವೂ ಜಿಮ್‌ನಿಂದ ಗಾಡಿ ಓಡಿಸಿಕೊಂಡು ಹೊರಡುವ ಮುನ್ನ 90ರ ಮೇಲಿದೆಯೇ ಎಂದು ನೋಡಿಕೊಳ್ಳಿ.

ಏಳನೆಯ ಹೆಜ್ಜೆ: ರಾತ್ರಿ

ವ್ಯಾಯಾಮದ ಪರಿಣಾಮ 24 ಗಂಟೆಯವರೆಗೂ ಉಳಿಯುತ್ತದೆ. ಖಾಲಿಯಾದ ಸ್ನಾಯುಗಳು ರಾತ್ರಿಯಿಡೀ ಗ್ಲುಕೋಸ್ ತುಂಬಿಕೊಳ್ಳುತ್ತವೆ. ಸಂಜೆ ಆಡಿದವರಲ್ಲಿ 7ರಿಂದ 11 ಗಂಟೆಯ ನಂತರ, ಅಂದರೆ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ, ಮತ್ತೊಂದು ಇಳಿತ ಬರುತ್ತದೆ. ಆಡಿದ ದಣಿವಿನ ಗಾಢ ನಿದ್ರೆಯಲ್ಲಿ ಎಚ್ಚರವಾಗುವ ಸಂಭವ ಕಡಿಮೆ. ಬೆಳಿಗ್ಗೆ ಎದ್ದಾಗ ದಿಂಬು ಒದ್ದೆಯಾಗಿದ್ದರೆ, ತಲೆ ಭಾರವಾಗಿ ನೋಯುತ್ತಿದ್ದರೆ, ಕೆಟ್ಟ ಕನಸು ಬಿದ್ದಿದ್ದರೆ ರಾತ್ರಿ ಇಳಿದಿತ್ತೆಂದು ಅನುಮಾನಿಸಿ.

ಒಂದು ಸಂಜೆಯ ಲೆಕ್ಕವನ್ನು ಉದಾಹರಣೆಯಾಗಿ ನೋಡೋಣ. ಸಂಜೆ 4.30ಕ್ಕೆ ಉಪ್ಪಿಟ್ಟು ತಿಂದು 6 ಯೂನಿಟ್ ಹಾಕಿಕೊಳ್ಳುವವರು, 5.30ಕ್ಕೆ ಶಟಲ್ ಇರುವುದರಿಂದ 3 ಯೂನಿಟ್ ಹಾಕಿಕೊಂಡರು. 5ಕ್ಕೆ 138, 5.30ಕ್ಕೆ 152. 6ಕ್ಕೆ ನೋಡಿದಾಗ 118, ಅರ್ಧ ಗಂಟೆಯಲ್ಲಿ 34ರ ಇಳಿತ. ಒಂದು ಏಲಕ್ಕಿ ಬಾಳೆ ತಿಂದರು. 6.30ಕ್ಕೆ 109; ಅಲ್ಲಿಗೆ ಆಟ ನಿಲ್ಲಿಸಿದರು. ರಾತ್ರಿಯ ಊಟದ ಬೋಲಸ್ ಅನ್ನು ವೈದ್ಯರು ಹೇಳಿದಂತೆ ಅರ್ಧಕ್ಕೆ ಇಳಿಸಿದರು, ಮಲಗುವಾಗಿನ ಬೇಸಲ್ ಅನ್ನು ಶೇ 20ರಷ್ಟು ಕಡಿಮೆ ಮಾಡಿದರು. ಮಲಗುವಾಗ 121 ಇತ್ತು. 126ಕ್ಕಿಂತ ಕಡಿಮೆ ಇದ್ದ ಕಾರಣ ಬೋಲಸ್ ಇಲ್ಲದೆ ಮೂರು ಬಿಸ್ಕತ್ತು ಮತ್ತು ಸ್ವಲ್ಪ ಹಾಲು ತೆಗೆದುಕೊಂಡರು, ರಾತ್ರಿ 2.30ಕ್ಕೆ ಅಲಾರಂ ಇಟ್ಟು ಮತ್ತೊಮ್ಮೆ ನೋಡಿದರು. ಡೆಗ್ಲುಡೆಕ್‌ನಂಥ 42 ಗಂಟೆಗೂ ಮೀರಿ ಕೆಲಸ ಮಾಡುವ ಬೇಸಲ್‌ನಲ್ಲಿ ಒಂದು ರಾತ್ರಿಗೆಂದು ಇಳಿಸುವುದು ಪ್ರಯೋಜನವಾಗದು. ಅಂಥವರು ತಿನ್ನುವುದನ್ನೇ ಹೆಚ್ಚಿಸಬೇಕು. ಆಟವಾಡಿದ ರಾತ್ರಿ ಮದ್ಯ ಬೇಡವೇ ಬೇಡ. ಯಕೃತ್ತು ಹೊಸ ಗ್ಲುಕೋಸ್ ತಯಾರಿಸುವುದನ್ನು ಅದು ತಡೆಯುತ್ತದೆ.

ಎಂಟನೆಯ ಹೆಜ್ಜೆ: ಕುಂದಿದ ಅರಿವನ್ನು ಮರಳಿ ಪಡೆಯುವುದು

ಗೋಲ್ಡ್ ಅಂಕ 4 ಅಥವಾ ಹೆಚ್ಚಿರುವವರಿಗೆ ಒಂದು ನಿಜವಾದ ಸಮಾಧಾನದ ಸಂಗತಿಯಿದೆ: ಕುಂದಿದ ಅರಿವು ಬಹಳ ಮಂದಿಯಲ್ಲಿ ಮರಳುತ್ತದೆ. ಶುಗರ್ 70ಕ್ಕಿಂತ ಇಳಿಯದಂತೆ ಕಟ್ಟುನಿಟ್ಟಾಗಿ ನೋಡಿಕೊಂಡರೆ ಎರಡು ಮೂರು ವಾರಗಳಲ್ಲೇ ನಡುಕ, ಬೆವರುಗಳು ಮತ್ತೆ ಬೇಗ ಕಾಣಿಸಿಕೊಳ್ಳಲು ಶುರುವಾಗುತ್ತವೆ ಎಂದು 1990ರ ದಶಕದ ಅಧ್ಯಯನಗಳು ತೋರಿಸಿವೆ. ಕೆಲವರಿಗೆ ತಿಂಗಳುಗಳು ಹಿಡಿಯಬಹುದು. ಅದಕ್ಕಾಗಿ ಆ ಅವಧಿಯಲ್ಲಿ ವೈದ್ಯರ ಒಪ್ಪಿಗೆಯಿಂದ ಗುರಿಯ ಮಟ್ಟಗಳನ್ನೆಲ್ಲ ತುಸು ಮೇಲಕ್ಕೆ ಇಟ್ಟುಕೊಳ್ಳಬೇಕು, ಸೆನ್ಸರಿನ ಅಲಾರಂ ಅನ್ನು 80ರ ಮೇಲಿಡಬೇಕು. ಮೂರು ತಿಂಗಳ ಸರಾಸರಿ ಸ್ವಲ್ಪ ಏರಿದರೆ ಬೇಸರ ಬೇಡ. ಇದು ಚಿಕಿತ್ಸೆಯ ಭಾಗ.

ಈ ವಾರಗಳಲ್ಲಿ ವ್ಯಾಯಾಮ ನಿಲ್ಲಿಸಬೇಕಿಲ್ಲ, ಬದಲಿಸಬೇಕು. ತಾಸುಗಟ್ಟಲೆ ಓಟದ ಬದಲು ತಿಂಡಿಗೂ ಮುನ್ನದ ಅರ್ಧ ಗಂಟೆ ನಡಿಗೆ, ಹಗುರವಾಗಿ ಭಾರ ಎತ್ತುವುದು, ಒಂದು ದಿನ ಬಿಟ್ಟು ಒಂದು ದಿನ ಮಾಡುವುದು ಸೂಕ್ತ. ‘ಮೊದಲು ಊಹೆ, ಆಮೇಲೆ ಪರೀಕ್ಷೆ’ ಎಂಬ ನೋಟ್‌ಬುಕ್ಕನ್ನು ಈ ಅವಧಿಯಲ್ಲಿ ತಪ್ಪದೆ ತುಂಬಿಸಿ. ಊಹೆ ಮತ್ತು ಸಂಖ್ಯೆಯ ನಡುವಿನ ಅಂತರ ಕಿರಿದಾಗುತ್ತಿದ್ದರೆ ಅರಿವು ಮರಳುತ್ತಿದೆ ಎಂದು ತಿಳಿಯಬಹುದು.

ಮೂರು ತಿಂಗಳಾದ ಮೇಲೆ ಗೋಲ್ಡ್ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿಕೊಳ್ಳಿ, ಮನೆಯವರನ್ನೂ ಕೇಳಿ. ಅಂಕ ಇನ್ನೂ 4 ಅಥವಾ ಹೆಚ್ಚಿದ್ದರೆ ಅಲಾರಂ ಇರುವ ಸೆನ್ಸರ್ ಅಥವಾ ಶುಗರ್ ಇಳಿಯುವಾಗ ತಾನೇ ಇನ್ಸುಲಿನ್ ನಿಲ್ಲಿಸುವ ಪಂಪ್‌ನ ಬಗ್ಗೆ ನೋಟ್‌ಬುಕ್ ಸಮೇತ ಹೋಗಿ ವೈದ್ಯರೊಡನೆ ಮಾತನಾಡಿ. ಅಲ್ಲಿಯವರೆಗೆ ಒಬ್ಬರೇ ಈಜಬೇಡಿ, ಒಬ್ಬರೇ ಚಾರಣಕ್ಕೆ ಹೋಗಬೇಡಿ, ವಾಹನಗಳು ಓಡಾಡುವ ರಸ್ತೆಯಲ್ಲಿ ಸೈಕಲ್ ತುಳಿಯಬೇಡಿ.